ಮೂರನೇ ಬಚ್ಚಪ್ಪನ ಆಳ್ವಿಕೆಯಲ್ಲಿ

ನಮ್ಮ ಮನೆತನಕ್ಕೆ ಮೊದಲಿನಿಂದಲೂ ಹೆಸರುಗಳ ಬಡತನ. ಇರುವುದು ಎರಡೇ: ಬಚ್ಚಪ್ಪ ಮತ್ತು ವೆಂಕಟಪ್ಪ. ಹಿರಿಯ ಮಗನಿಗೆ ತಾತನ ಹೆಸರನ್ನೇ ಇಡಬೇಕೆಂಬ ಕಟ್ಟಳೆ ಇದ್ದುದರಿಂದ ಬಚ್ಚಪ್ಪನ ಮಗ ವೆಂಕಟಪ್ಪ, ಆ ವೆಂಕಟಪ್ಪನ ಮಗ ಮತ್ತೆ ಬಚ್ಚಪ್ಪ, ಹೀಗೆ ಸಾಗಿಬಂದಿದೆ ಸಂಸಾರ. ಎರಡೇ ಪಂಚೆ ಇರುವ ಮನುಷ್ಯ ಒಂದನ್ನು ಉಟ್ಟು ಇನ್ನೊಂದನ್ನು ಒಗೆದು ಒಣಹಾಕುತ್ತಾನಲ್ಲ, ಹಾಗೆ. ಈ ಸರದಿಯಲ್ಲಿ ನನ್ನ ಪಾಲಿಗೆ ಬಂದದ್ದು ಬಚ್ಚಪ್ಪ. ನನ್ನ ಮಗ ಹುಟ್ಟಿದಾಗ ನನ್ನ ಹೆಂಡತಿ ರತ್ನಮ್ಮ, ‘ಇನ್ನೊಬ್ಬ ವೆಂಕಟಪ್ಪನ್ನ ನಾನು ಹೆತ್ತಿಲ್ಲ’ ಎಂದು ಸಾರಿ, ಅವನಿಗೆ ಸುರೇಶ ಎಂದು ಹೆಸರಿಟ್ಟಳು. ಅಷ್ಟು ತಲೆಮಾರುಗಳ ಸರಪಳಿ ಒಬ್ಬ ಬಾಣಂತಿಯ ಒಂದು ಮಾತಿಗೆ ಕಡಿದುಹೋಯಿತು. ನನಗೂ ಒಳಗೊಳಗೆ ಸಂತೋಷವೇ ಆಯಿತೆಂದು ಈಗ ಹೇಳಬಹುದು.

ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತನಾದವನು ಶಿಡ್ಲಘಟ್ಟದಂಥ ಊರಿನಲ್ಲಿ ಏನು ಮಾಡಬೇಕು? ಊರಿಗೆ ಊರೇ ರೇಷ್ಮೆಗೂಡಿನ ಧಾರಣೆ ಮಾತಾಡುತ್ತದೆ. ನನ್ನ ಮಗನೂ ಹಿಪ್ಪುನೇರಳೆ ಸೊಪ್ಪು, ಹುಳು, ಹುಳು ಗೂಡು ಕಟ್ಟುವ ಚಂದ್ರಿಕೆ ಎಂದು ಹೊತ್ತು ಕಳೆಯುತ್ತಾನೆ. ಗೂಡಿನಿಂದ ನೂಲು ತೆಗೆಯುವುದು ನನಗೆ ಬಾರದು. ಆದ್ದರಿಂದ ಸತ್ತವರಿಂದ ನೂಲು ತೆಗೆಯಲು ಕುಳಿತೆ. ವಂಶವೃಕ್ಷ ಬರೆಯತೊಡಗಿದೆ. ಅದು ಬೆಳೆದು ಬೆಳೆದು ನಡುಮನೆಯ ಒಂದು ಗೋಡೆಯನ್ನೇ ಹಿಡಿಯಿತು. ಬಂದವರಿಗೆಲ್ಲ ಕಾಫಿಗೆ ಮೊದಲು ಅದರ ದರ್ಶನ ಮಾಡಿಸುತ್ತೇನೆ. ಕೆಲವರು ಕಾಫಿ ಬೇಡವೆಂದು ಹೊರಟದ್ದೂ ಉಂಟು.

ವಂಶವೃಕ್ಷ ಬರೆಯುವವನ ಮೊದಲ ಕಷ್ಟ ಹೆಸರಿನದು, ಎರಡನೆಯದು ಕಾಲದ್ದು. ನಮ್ಮ ಹಿರಿಯರು ಇಸವಿ ಹೇಳುತ್ತಿರಲಿಲ್ಲ, ಸಂವತ್ಸರ ಹೇಳುತ್ತಿದ್ದರು. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳು. ಮುಗಿದ ಮೇಲೆ ಮತ್ತೆ ಪ್ರಭವ. ‘ಯುವ ಸಂವತ್ಸರದಲ್ಲಿ ಬಾವಿ ತೋಡಿಸಿದರು’ ಎಂದರೆ ಯಾವ ಸುತ್ತಿನ ಯುವ? ತಾತನ ಕಾಲದ್ದೋ, ತಾತನ ತಾತನ ಕಾಲದ್ದೋ? ನನ್ನ ಜೊತೆ ಕೆಲಸ ಮಾಡಿದ ಅಲೀಪುರದ ಮೀರ್ ಸಾಹೇಬರು ಈ ವಿಚಾರಕ್ಕೆ ನನ್ನನ್ನು ಸದಾ ಕೆಣಕುತ್ತಿದ್ದರು. ‘ನಮ್ ಹಿಜರಿ ಲೆಕ್ಕ ರಸ್ತೇಲಿ ಹೋಗೋ ಜಟಕಾ ಸಾರ್, ಮುಂದ್ ಮುಂದಕ್ಕೆ ಹೋಗುತ್ತೆ. ನಿಮ್ದು ಗಾಣದೆತ್ತು. ಅರವತ್ತು ವರ್ಷ ನಡೆದ್ರೂ ಅಲ್ಲೇ ಇರುತ್ತೆ’ ಎನ್ನುತ್ತಿದ್ದರು. ನಾನು ಗಂಭೀರನಾಗಿ, ‘ಸಾಹೇಬರೇ, ಎಣ್ಣೆ ಬರುವುದು ಗಾಣದಿಂದಲೇ’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಒಳಗೆ ಮಾತ್ರ ಅವರು ಹೇಳಿದ್ದು ಸರಿಯೆನ್ನಿಸುತ್ತಿತ್ತು.

ಈ ಗಾಣದೆತ್ತನ್ನು ಕಟ್ಟಿಹಾಕಲು ನಮ್ಮ ಪೂರ್ವಿಕರು ಒಂದು ಗೂಟ ಹುಡುಕಿಕೊಂಡಿದ್ದರು. ಆ ಗೂಟದ ಹೆಸರು ರಾಜ. ನಮ್ಮ ಕಡೆ ಯಾವುದಾದರೂ ಕೆರೆ ಏರಿಯ ಮೇಲಿನ ಶಾಸನದ ಕಲ್ಲನ್ನು ನೋಡಿ. ಕಳ್ಳರಿಂದ ದನ ಬಿಡಿಸಲು ಹೋಗಿ ಸತ್ತ ಬಡಪಾಯಿಯ ಹೆಸರು ಕೊನೆಯಲ್ಲಿ ಒಂದು ಸಾಲಿನಲ್ಲಿರುತ್ತದೆ. ಅದಕ್ಕೆ ಮೊದಲು ಆಗ ಆಳುತ್ತಿದ್ದ ದೊರೆಯ ಬಿರುದುಗಳು ಉಸಿರು ಕಟ್ಟುವಷ್ಟು. ಚಿಕ್ಕಂದಿನಲ್ಲಿ ಇದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು, ಸತ್ತವನೊಬ್ಬ, ಹೊಗಳಿಸಿಕೊಳ್ಳುವವನೊಬ್ಬ! ವಂಶವೃಕ್ಷ ಬರೆಯಲು ಕುಳಿತ ಮೇಲೆ ಬುದ್ಧಿ ಬಂತು. ಆ ಕಲ್ಲು ರಾಜನನ್ನು ಹೊಗಳುತ್ತಿಲ್ಲ, ಅವನನ್ನು ಕ್ಯಾಲೆಂಡರಿನಂತೆ ಮೊಳೆಗೆ ತೂಗುಹಾಕಿದೆ. ಸಂವತ್ಸರವು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಹೋದ ರಾಜ ಮಾತ್ರ ಮರಳಿ ಬರುವುದಿಲ್ಲ. ಸಂವತ್ಸರದ ಪಕ್ಕದಲ್ಲಿ ರಾಜನೊಬ್ಬ ನಿಂತುಬಿಟ್ಟರೆ ಯಾವ ಸುತ್ತು ಎಂಬುದು ಹೆಚ್ಚುಕಡಿಮೆ ತೀರ್ಮಾನವಾದಂತೆ. ಅರಸರು ಜನಕ್ಕೆ ಮಾಡಿದ ಉಪಕಾರಗಳಲ್ಲಿ ಇದನ್ನು ಯಾವ ಪಠ್ಯಪುಸ್ತಕವೂ ಹೇಳಿಲ್ಲ. ನಾನೂ ಪಾಠ ಮಾಡುವಾಗ ಹೇಳಲಿಲ್ಲ.

ರಾಜರು ಹೋದರು, ಈ ಅಭ್ಯಾಸ ಹೋಗಲಿಲ್ಲ. ‘ಆ ಕೋಪಿಷ್ಠ ತಹಸೀಲ್ದಾರ್ ಇದ್ದರಲ್ಲ, ಅವರ ಕಾಲದಲ್ಲಿ ಮನೆ ಕಟ್ಟಿಸಿದ್ದು’ ಎನ್ನುವವರು ನಮ್ಮ ಬೀದಿಯಲ್ಲೇ ಇದ್ದಾರೆ. ನಮ್ಮ ಮನೆಯ ಕಾಲಗಣನೆ ಇನ್ನೂ ಸರಳ. ರತ್ನಮ್ಮನ ಲೆಕ್ಕದಲ್ಲಿ ಚರಿತ್ರೆಗೆ ಎರಡೇ ಯುಗ: ‘ನಿಮ್ಮಮ್ಮ ಇದ್ದಾಗ’ ಮತ್ತು ‘ನಿಮ್ಮಮ್ಮ ಹೋದ್ಮೇಲೆ’. ಮೊದಲನೆಯ ಯುಗದಲ್ಲಿ ಮನೆಯಲ್ಲಿ ಬೆಳ್ಳುಳ್ಳಿ ವಾಸನೆ ಇರಲಿಲ್ಲ, ಎರಡನೆಯದರಲ್ಲಿ ಇದೆ. ನೆಲ ಅಗೆದು ನೋಡುವ ಚರಿತ್ರೆಕಾರರಿಗೂ ಇದಕ್ಕಿಂತ ಸ್ಪಷ್ಟವಾದ ಗುರುತು ಸಿಗಲಾರದು.

ಇಷ್ಟೆಲ್ಲ ತಿಳಿದವನೆಂಬ ಹೆಮ್ಮೆಯಲ್ಲಿ ನಾನಿದ್ದಾಗ, ಮೊಮ್ಮಗಳು ಲಾವಣ್ಯಳ ಮದುವೆಯ ಮಾತು ಬಂತು. ಲಾವಣ್ಯ ಸುರೇಶನ ಮಗಳು, ಮುದ್ದೇನಹಳ್ಳಿಯ ಹತ್ತಿರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಹುಡುಗ ಚೇತನ್, ಗೌರಿಬಿದನೂರು ಕಡೆ ಪಶುವೈದ್ಯ. ಅವರ ಮನೆ ಇರುವುದು ಚಿಂತಾಮಣಿಯ ಹತ್ತಿರದ ಹಳ್ಳಿಯಲ್ಲಿ. ಇಬ್ಬರೂ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಾಯಿಸುವವರು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯವರು ಒಪ್ಪಿದರು, ಅವರ ಮನೆಯವರೂ ಒಪ್ಪಿದರು. ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಬಂದಾಗ ಜೊತೆಯಲ್ಲಿ ಚೇತನನ ತಾತನ ತಮ್ಮ ಕೋನಪ್ಪನವರು ಬಂದಿದ್ದರು. ಹೆಚ್ಚುಕಡಿಮೆ ನನ್ನ ವಯಸ್ಸು, ಆ ಮನೆಗೆ ಅವರೇ ಹಿರಿಯರು. ಅವರು ಬೇಡವೆಂದರೆ ಬೇಡ.

ನಾನು ವಾಡಿಕೆಯಂತೆ ಕಾಫಿಗೆ ಮೊದಲು ಗೋಡೆ ತೋರಿಸಿದೆ. ಕೋನಪ್ಪನವರು ಕನ್ನಡಕ ಏರಿಸಿ, ಬೆರಳಿಟ್ಟು ಓದುತ್ತ, ನನ್ನ ತಾತನ ಹೆಸರಿನ ಮೇಲೆ ನಿಂತರು. ಅಲ್ಲಿ ನಾನೇ ದಪ್ಪಕ್ಷರದಲ್ಲಿ ಬರೆದಿದ್ದೆ: ಬಚ್ಚಪ್ಪ, ಜನನ ಪಾರ್ಥಿವ ಸಂವತ್ಸರ.

‘ಮೇಷ್ಟ್ರೇ, ಪಾರ್ಥಿವದ ಬಚ್ಚಪ್ಪ ನಿಮ್ ತಾತನಾ?’ ಎಂದರು.

‘ಹೌದು. ನಾನೂ ಪಾರ್ಥಿವದವನೇ. ಅವರು ಹುಟ್ಟಿ ಸರಿಯಾಗಿ ಒಂದು ಸುತ್ತಿಗೆ ನಾನು ಹುಟ್ಟಿದೆ’ ಎಂದು ಬೀಗಿದೆ.

ಕೋನಪ್ಪನವರು ಕುರ್ಚಿಯ ಮೇಲೆ ಕುಳಿತುಬಿಟ್ಟರು. ‘ಅಯ್ಯೋ ದೇವ್ರೇ. ನಮ್ಮಜ್ಜಿ ಸುಬ್ಬಮ್ಮ ನಿಮ್ಮೂರಿನ ಹೆಣ್ಣು ಮೇಷ್ಟ್ರೇ. ಪಾರ್ಥಿವದ ಬಚ್ಚಪ್ಪನ ಮಗ್ಳು ಅಂತ ನಮ್ಮನೇಲಿ ಹೇಳ್ಕೊಂಡೇ ಬಂದವ್ರೆ. ಆಮೇಲೆ ಅದೇನೋ ಜಗಳ ಆಗಿ ಎರಡು ಮನೆಗೂ ಹೋಗೋದು ಬರೋದು ನಿಂತೋಯ್ತಂತೆ. ಅಂದ್ರೆ ಆಯಮ್ಮ ನಿಮ್ಗೆ ಸೋದರತ್ತೆ ಆದ್ಲು. ನೀವು ನಂಗೆ ಮಾವ ಆದ್ರಿ. ಈ ಹುಡ್ಗಿ ನಮ್ ಹುಡ್ಗಂಗೆ ಏನಾಗ್ತಾಳೆ?’

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ನಾನೂ ಹಾಕಿದೆ. ಇಬ್ಬರ ಲೆಕ್ಕವೂ ಒಂದೇ ಕಡೆ ಬಂದು ನಿಂತಿತು. ಸುಬ್ಬಮ್ಮನಿಂದ ಇಳಿದರೆ ಚೇತನ್ ನಾಲ್ಕನೆಯ ತಲೆಮಾರು, ಅವಳ ಒಡಹುಟ್ಟಿದ ನನ್ನಪ್ಪನಿಂದ ಇಳಿದರೆ ಲಾವಣ್ಯ ಮೂರನೆಯದು. ಲಾವಣ್ಯ ಚೇತನನಿಗೆ ಒಂದು ತಲೆಮಾರು ಮೇಲೆ ಹೋಗಿ ಚಿಕ್ಕಮ್ಮನ ವರಸೆ ಆಗುತ್ತಿದ್ದಳು. ನಮ್ಮ ಕಡೆ ಜಾತಕ ಕೂಡದಿದ್ದರೆ ಶಾಂತಿ ಮಾಡಿಸಿ ಮುಂದುವರಿಯುತ್ತಾರೆ; ವರಸೆ ಕೂಡದಿದ್ದರೆ ಎಲೆ ಅಡಿಕೆ ವಾಪಸು ತೆಗೆದುಕೊಂಡು ಹೋಗುತ್ತಾರೆ. ಅಮ್ಮನ ಸ್ಥಾನದವಳಿಗೆ ತಾಳಿ ಕಟ್ಟುವುದುಂಟೆ? ಕೋನಪ್ಪನವರು ಕಾಫಿ ಮುಟ್ಟದೆ ಎದ್ದರು. ಹೋಗುವಾಗ ಬೇಸರದಿಂದಲೇ ‘ಬರ್ತೀನಿ ಮಾವ’ ಎಂದರು. ಅಷ್ಟು ವಯಸ್ಸಾದವರ ಬಾಯಲ್ಲಿ ಮಾವ ಅನ್ನಿಸಿಕೊಂಡ ಸುಖ ಅನುಭವಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅವರೆಲ್ಲ ಹೋದ ಮೇಲೆ ಲಾವಣ್ಯ ಗೋಡೆಯ ಮುಂದೆ ಬಂದು ನಿಂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

‘ತಾತ, ಇಷ್ಟು ವರ್ಷ ಇದನ್ನ ಬರೆದ್ರಿ. ಒಂದೇ ಸಲ ನಂಗೆ ಬೇಕಾಗಿತ್ತು, ಅದೇ ಸಲ ನನ್ ಮದುವೆ ನಿಲ್ಸಿಬಿಡ್ತಲ್ಲ’ ಎಂದಳು.

‘ನಿಲ್ಲೋಕೆ ಬಿಡ್ತೀನೇನಮ್ಮ? ನಿಮ್ ತಾತ ಚರಿತ್ರೆ ಮೇಷ್ಟ್ರು’ ಎಂದೆ. ಧೈರ್ಯ ಹೇಳುವುದಕ್ಕೆಂದು ಆಡಿದ ಮಾತು. ಆಡಿದ ಮೇಲೆ ನಿಜವಾಗಿಯೂ ಧೈರ್ಯ ಬಂತು. ಏಕೆಂದರೆ ಗೋಡೆಯ ಮೇಲೆ, ನನ್ನ ತಾತನ ತಂದೆ ವೆಂಕಟಪ್ಪನಿಗಿಂತ ಮೇಲೆ, ಖಾಲಿ ಜಾಗ ಇತ್ತು. ಅದರಾಚೆ ಯಾರೆಂದು ಯಾರಿಗೂ ನೆನಪಿರಲಿಲ್ಲವಾದ್ದರಿಂದ ನಾನು ಬಿಟ್ಟಿದ್ದೆ. ಈಗ ನೋಡಿದರೆ ಆ ಜಾಗದ ಹೆಸರು ಗೊತ್ತೇ ಇದೆ! ನನ್ನ ತಾತನಿಗೆ ಅವನ ತಾತನ ಹೆಸರಿಟ್ಟಿರಬೇಕು. ಅಂದರೆ ಅಲ್ಲಿ ಇನ್ನೊಬ್ಬ ಬಚ್ಚಪ್ಪ ಇದ್ದ. ತಾತನಿಗೂ ಮೊಮ್ಮಗನಿಗೂ ಅರವತ್ತು ವರ್ಷದ ಅಂತರ ಬಿದ್ದರೆ ಹೆಸರೂ ಅದೇ, ಸಂವತ್ಸರವೂ ಅದೇ. ನನಗೂ ನನ್ನ ತಾತನಿಗೂ ಹಾಗೆ ಬಿದ್ದಿದೆ. ಅವನಿಗೂ ಅವನ ತಾತನಿಗೂ ಏಕೆ ಬಿದ್ದಿರಬಾರದು? ನನಗೆ ಮೊದಲೇ ಪಾರ್ಥಿವದ ಬಚ್ಚಪ್ಪಂದಿರು ಇಬ್ಬರಿದ್ದು, ಜನ ಅವರನ್ನು ಮಡಿಸಿ ಒಬ್ಬನನ್ನಾಗಿ ಮಾಡಿದ್ದಾರೆ. ಹೆಸರಿನಲ್ಲಿ ಜಿಪುಣತನ ಮಾಡಿದ ಮನೆಗೆ ಆಗಬೇಕಾದ್ದೇ ಆಗಿದೆ.

ಸುಬ್ಬಮ್ಮ ಆ ಮೇಲಿನ ಬಚ್ಚಪ್ಪನ ಮಗಳಾದರೆ ನಮ್ಮ ಮನೆಯವರೆಲ್ಲ ಎರಡು ತಲೆಮಾರು ಕೆಳಗಿಳಿಯುತ್ತೇವೆ. ಒಂದು ತಲೆಮಾರು ಮೇಲಿದ್ದ ಲಾವಣ್ಯ ಒಂದು ತಲೆಮಾರು ಕೆಳಗೆ ಬರುತ್ತಾಳೆ. ಚಿಕ್ಕಮ್ಮನ ವರಸೆಯವಳು ಅಕ್ಕನ ಮಗಳ ವರಸೆಯಾಗುತ್ತಾಳೆ. ಅಕ್ಕನ ಮಗಳನ್ನು ತರುವುದೆಂದರೆ ನಮ್ಮ ಕಡೆ ಕಣ್ಣುಮುಚ್ಚಿ ಒಪ್ಪುವ ಸಂಬಂಧ. ಫೋನಿನಲ್ಲಿ ಇದನ್ನೆಲ್ಲ ಕೋನಪ್ಪನವರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ‘ಇರ್ಬೋದು ಮೇಷ್ಟ್ರೇ. ಇಲ್ದೇನೂ ಇರ್ಬೋದು. ಹುಡ್ಗಿ ಕೊಡೋ ಆಸೆಗೆ ನೀವೊಬ್ಬ ತಾತನ್ನ ಹುಟ್ಟಿಸಿದ್ರಿ ಅಂತ ನಾಳೆ ಜನ ಅಂತಾರೆ. ಯಾವ ಬಚ್ಚಪ್ಪ ಅನ್ನೋದಕ್ಕೆ ಒಂದು ಗುರುತು ತೋರ್ಸಿ, ನಾನೇ ಮುಂದೆ ನಿಂತು ಧಾರೆ ಎರೆಸ್ತೀನಿ’ ಎಂದರು. ನ್ಯಾಯವಾದ ಮಾತು. ನಾನೂ ಪರೀಕ್ಷೆ ಪತ್ರಿಕೆ ತಿದ್ದುವಾಗ ಆಧಾರವಿಲ್ಲದ ಉತ್ತರಕ್ಕೆ ಅರ್ಧ ಅಂಕವೇ ಕೊಡುತ್ತಿದ್ದೆ.

ನನಗೆ ಬೇಕಾಗಿದ್ದುದು ಒಬ್ಬ ರಾಜ. ಸುಬ್ಬಮ್ಮನ ಮದುವೆ ಯಾರ ಆಳ್ವಿಕೆಯಲ್ಲಾಯಿತು ಎಂದು ತಿಳಿದರೆ ಸಾಕು. ಆದರೆ ಹಳ್ಳಿಯ ಹೆಣ್ಣುಮಗಳ ಮದುವೆಗೆ ಯಾವ ರಾಜ ಸಾಕ್ಷಿ ನಿಲ್ಲುತ್ತಾನೆ? ಕಲ್ಲು ಹಾಕಿಸಲು ಅವಳೇನು ಯುದ್ಧದಲ್ಲಿ ಸತ್ತಳೆ? ಊಟಕ್ಕೆ ಕುಳಿತವನು ಇದನ್ನೇ ಗೊಣಗುತ್ತಿದ್ದೆ.

ರತ್ನಮ್ಮ ಸಾರು ಬಡಿಸುತ್ತ, ‘ಮಡಿಲ ರೂಪಾಯಿ ಇರ್ಬೇಕಲ್ಲ ಅವ್ರ ಮನೇಲಿ’ ಎಂದಳು.

ಮಡಿಲ ರೂಪಾಯಿ ಎಂದರೆ ಇದು. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳಿಗೆ ಮದುವೆಯಾದಾಗ ಮಡಿಲಕ್ಕಿಯ ಜೊತೆ ಒಂದು ಬೆಳ್ಳಿ ರೂಪಾಯಿ ಹಾಕಿ ಕಳಿಸುತ್ತಿದ್ದರು. ಹೋದ ಮನೆಯಲ್ಲಿ ಅದನ್ನು ಖರ್ಚು ಮಾಡುವಂತಿಲ್ಲ. ದೇವರ ಪೆಟ್ಟಿಗೆಯಲ್ಲಿಟ್ಟು ಲಕ್ಷ್ಮಿ ಹಬ್ಬಕ್ಕೆ ತೊಳೆದು ಪೂಜಿಸಬೇಕು. ಇದು ನನಗೂ ಗೊತ್ತಿತ್ತು. ಆದರೆ ಉತ್ಸಾಹ ಬರಲಿಲ್ಲ. ಬೆಳ್ಳಿ ರೂಪಾಯಿಯ ಮೇಲೆ ಆಳುವವರ ತಲೆ ಇರುತ್ತದೆ, ನಿಜ. ನಮ್ಮನ್ನು ಆಳಿದವರು ಮೈಸೂರಿನ ಮಹಾರಾಜರಾದರೂ ರೂಪಾಯಿಯ ಮೇಲೆ ಕುಳಿತವರು ಸಮುದ್ರದಾಚೆಯವರು. ಮೊದಲು ರಾಣಿ, ಆಮೇಲೆ ಬೋಳುತಲೆಯ ರಾಜ, ಆಮೇಲೆ ಕಿರೀಟ ಗಡ್ಡಗಳೆರಡೂ ಇದ್ದ ರಾಜ. ಆದರೆ ರಾಣಿ ಸತ್ತ ದಿನವೇ ರಾಣಿಯ ರೂಪಾಯಿಗಳೇನೂ ಸಾಯುವುದಿಲ್ಲವಲ್ಲ. ಅವು ಸಂತೆಯಿಂದ ಸಂತೆಗೆ ಎಷ್ಟೋ ಕಾಲ ಓಡಾಡುತ್ತಲೇ ಇರುತ್ತವೆ. ರಾಣಿಯ ತಲೆ ಕಂಡರೆ ಮದುವೆ ರಾಣಿಯ ಕಾಲದ್ದೂ ಇರಬಹುದು, ಅವಳ ಮೊಮ್ಮಗನ ಕಾಲದ್ದೂ ಇರಬಹುದು. ಇದನ್ನು ನಾನು ರತ್ನಮ್ಮನಿಗೆ ಕ್ಲಾಸಿನಲ್ಲಿ ಹೇಳುವ ಧಾಟಿಯಲ್ಲಿ ಹೇಳಿದೆ.

‘ಸಂತೆ ರೂಪಾಯಿ ಯಾರ್ರೀ ಹಾಕ್ತಾರೆ ಮಡಿಲಿಗೆ?’ ಎಂದಳು ಅವಳು. ‘ಬದುಕಿರೋರ ತಲೇನೇ ಆಗ್ಬೇಕು. ಸತ್ತೋರ ಮುಖ ಮದುವೆ ಹೆಣ್ಣಿನ ಮಡಿಲಿಗೆ ಬೀಳ್ಬಾರ್ದು ಅಂತ ನಿಮ್ಮಮ್ಮ ಹೇಳ್ತಿರ್ಲಿಲ್ವಾ? ಹಳೇ ಕಾಲ್ದಲ್ಲಿ ಮೊದ್ಲು ವಿಚಾರಿಸ್ತಿದ್ರಂತೆ, ರಾಣಿ ಇದ್ದಾಳ, ಹೋದ್ಲಾ ಅಂತ. ಗೊತ್ತಾದ್ಮೇಲೇನೇ ಮಡಿಲು ತುಂಬ್ತಿದ್ದಿದ್ದು.’

ನನ್ನಮ್ಮ ಅದನ್ನು ಹೇಳಿದ್ದು ಸೊಸೆಗೆ, ಮಗನಿಗಲ್ಲ. ತುತ್ತು ಕೈಯಲ್ಲೇ ಉಳಿಯಿತು. ಹಳ್ಳಿಯ ಅಡುಗೆಮನೆಗಳಲ್ಲಿ ಹೆಂಗಸರು ಸಮುದ್ರದಾಚೆಯ ರಾಣಿಯ ಆರೋಗ್ಯ ವಿಚಾರಿಸುತ್ತಿದ್ದರು! ಅವಳ ಮೇಲೆ ಪ್ರೀತಿಯಿದ್ದು ಕೇಳಿದ್ದಲ್ಲ, ತಮ್ಮ ಮಗಳ ಮಡಿಲಿಗೆ ಅಪಶಕುನ ತಟ್ಟದಿರಲಿ ಎಂದು ಕೇಳಿದ್ದು. ಚಕ್ರವರ್ತಿಗಳನ್ನು ಇಷ್ಟು ಸರಿಯಾದ ಕೆಲಸಕ್ಕೆ ಬಳಸಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆರೆ ಏರಿಯ ಶಾಸನದಲ್ಲಿ ಕೂಡ ದೊರೆ ಬದುಕಿದ್ದಾನೆಯೇ ಎಂದು ಇಷ್ಟು ಕಾಳಜಿಯಿಂದ ವಿಚಾರಿಸಿರಲಾರರು.

ಮರುದಿನವೇ ನಾನು, ರತ್ನಮ್ಮ, ಲಾವಣ್ಯ ಮೂವರೂ ಚಿಂತಾಮಣಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಕೋನಪ್ಪನವರಿಗೆ ಹೇಳಬೇಕಾದ ಭಾಷಣವನ್ನು ಸಿದ್ಧ ಮಾಡಿಕೊಂಡೆ. ಲಾವಣ್ಯ ಕಿಟಕಿಯ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮದುವೆ ನಿಂತರೆ ಈ ಮಗು ಯಾರನ್ನೂ ದೂರುವುದಿಲ್ಲ, ಆ ಗೋಡೆಯ ಕಡೆ ಮಾತ್ರ ಇನ್ನು ತಿರುಗಿ ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕಡೆಗೂ ನೋಡದೆ ಹೋದಾಳೆಂಬ ಭಯವೂ ಇತ್ತು.

ಕೋನಪ್ಪನವರ ಮನೆಯಲ್ಲಿ ಸುಬ್ಬಮ್ಮನ ರೂಪಾಯಿ ಇತ್ತು. ‘ಸುಬ್ಬಮ್ಮನ ರೂಪಾಯಿ’ ಎಂದೇ ಅದಕ್ಕೆ ಹೆಸರು. ಅವರ ಸೊಸೆ ಕೈಕಾಲು ತೊಳೆದು ಬಂದು ಅರಿಶಿನದ ಬಟ್ಟೆ ಬಿಚ್ಚಿ ವೀಳ್ಯದೆಲೆಯ ಮೇಲೆ ಇಟ್ಟಳು. ವರ್ಷಾವರ್ಷ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ನಾಣ್ಯ ನುಣ್ಣಗಾಗಿತ್ತು. ಹಿಂದುಗಡೆ ಇಸವಿ ಇದ್ದ ಜಾಗದಲ್ಲಿ ಏನೂ ಉಳಿದಿರಲಿಲ್ಲ. ನಾನು ಮುಂದುಗಡೆ ತಿರುಗಿಸಿದೆ. ಮೂಗು ಸವೆದಿತ್ತು, ಕಣ್ಣು ಸವೆದಿತ್ತು. ಆದರೂ ಕಿರೀಟದ ಕೆಳಗೆ ಬಾಚಿದ ಕೂದಲು, ಕೊರಳ ಕೆಳಗೆ ಕಸೂತಿಯ ರವಿಕೆ. ಯಾರು ನೋಡಿದರೂ ಹೆಂಗಸೇ.

‘ರಾಣಿ’ ಎಂದ ಚೇತನ್. ಅಲ್ಲಿಯವರೆಗೆ ಅವನು ಬಾಗಿಲ ಹತ್ತಿರ ನಿಂತಿದ್ದ.

‘ರಾಣಿ ರೂಪಾಯಿ ಊರೆಲ್ಲಾ ಅವೆ’ ಎಂದರು ಕೋನಪ್ಪನವರು. ನನ್ನ ಶಿಷ್ಯನಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ನಾನು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಬಾಗಿಲಲ್ಲಿ ಕುಳಿತಿದ್ದ ಅವರ ಹೆಂಡತಿ, ‘ಸಚ್ಚಿನೋಳ್ಳ ಮೊಖಂ ಒಡಿಲೋ ವೇಸ್ತಾರಾ ಎವುರನ್ನಾ?’ ಎಂದು ತೆಲುಗಿನಲ್ಲಿ ಗಂಡನನ್ನು ಗದರಿದರು. ಸತ್ತವರ ಮುಖವನ್ನು ಯಾರಾದರೂ ಮಡಿಲಿಗೆ ಹಾಕುತ್ತಾರೆಯೇ ಎಂದು. ರತ್ನಮ್ಮ ನನ್ನ ಕಡೆ ನೋಡಿದಳು. ಜಗಳವಾಗಿ ಎಷ್ಟೋ ಕಾಲ ಹೋಗಿಬರುವುದು ನಿಂತಿದ್ದ ಎರಡು ಮನೆಗಳಲ್ಲಿ ಒಂದೇ ಕಟ್ಟಳೆ ಹೆಂಗಸರ ನಡುವೆ ಬದುಕಿಕೊಂಡಿತ್ತು; ಪ್ರಾಯಶಃ ಸುಬ್ಬಮ್ಮನೇ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗಿರಬೇಕು.

ಇನ್ನು ಉಳಿದದ್ದು ನನ್ನ ಪಾಲಿನ ಲೆಕ್ಕ, ಅದನ್ನು ನಾನು ಎದೆಯುಬ್ಬಿಸಿ ಹೇಳಿದೆ. ರಾಣಿ ಬದುಕಿದ್ದಾಗಲೇ ಸುಬ್ಬಮ್ಮನ ಮದುವೆಯಾಗಿದೆ. ರಾಣಿ ಸತ್ತಾಗ ನನ್ನ ತಾತ, ಎಂದರೆ ಗೋಡೆಯ ಮೇಲಿನ ಪಾರ್ಥಿವದ ಬಚ್ಚಪ್ಪ, ಹದಿನೈದರ ಆಸುಪಾಸಿನ, ಇನ್ನೂ ಮೀಸೆ ಚಿಗುರದ ಹುಡುಗ. ತನ್ನ ಮದುವೆಯೇ ಆಗದವನು ಮಗಳ ಮದುವೆ ಮಾಡಲು ಹೇಗೆ ಸಾಧ್ಯ? ಅಂದಮೇಲೆ ಸುಬ್ಬಮ್ಮನ ಅಪ್ಪ ಅವನಿಗಿಂತ ಒಂದು ಸುತ್ತು ಹಿಂದಿನ ಪಾರ್ಥಿವದ ಬಚ್ಚಪ್ಪ, ನನ್ನ ತಾತನ ತಾತ. ಮೊದಲನೇ ಬಚ್ಚಪ್ಪ!

ಕೋನಪ್ಪನವರು ಮತ್ತೆ ಬೆರಳು ಮಡಿಸಿದರು. ಈ ಸಲ ಲೆಕ್ಕ ಮುಗಿಯುವ ಮೊದಲೇ ಅವರ ಮುಖ ಅರಳಿತು. ‘ಹಂಗಾದ್ರೆ ಹುಡ್ಗಿ ನಮ್ ಚೇತನಂಗೆ ಅಕ್ಕನ ಮಗ್ಳಾದ್ಲು. ಬಿಡೋ ಸಂಬಂಧಾನೇ ಅಲ್ಲ ಇದು! ಆದ್ರೆ ಮೇಷ್ಟ್ರೇ, ಇನ್ನೊಂದ್ ವಿಷ್ಯ. ನಾನು ನಿಮ್ಗೆ ಏನಾದೆ?’

ಅದನ್ನು ನಾನು ಬಸ್ಸಿನಲ್ಲೇ ಲೆಕ್ಕ ಹಾಕಿದ್ದೆ, ಹೇಳುವ ಮನಸ್ಸಿರಲಿಲ್ಲ. ನಮ್ಮ ಮನೆಯವರೆಲ್ಲ ಎರಡು ತಲೆಮಾರು ಇಳಿದ ಮೇಲೆ ನಾನೊಬ್ಬ ಮೇಲೆ ಉಳಿಯುವಂತಿಲ್ಲವಲ್ಲ. ಮೊನ್ನೆ ನನ್ನನ್ನು ಮಾವ ಎಂದವರನ್ನು ಈಗ ನಾನು ಮಾವ ಎನ್ನಬೇಕು. ಎಲ್ಲರೂ ಕಾಯುತ್ತಿದ್ದರು. ಲಾವಣ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಆ ಹುಡುಗಿ ನಕ್ಕು ಎಷ್ಟು ದಿನವಾಗಿತ್ತೋ.

‘ಮದುವೆ ದಿನ ಗೊತ್ತು ಮಾಡಿ ಮಾವ’ ಎಂದೆ.

ಮದುವೆಗೆ ಮಡಿಲು ತುಂಬುವ ತಯಾರಿ ನಡೆಯುತ್ತಿದ್ದಾಗ ರತ್ನಮ್ಮ ಸರ್ಕಾರಿ ಟಂಕಸಾಲೆಯ ಹೊಸ ಬೆಳ್ಳಿ ನಾಣ್ಯವೊಂದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಹಿಂದೆ ಮುಂದೆ ತಿರುಗಿಸಿದಳು. ‘ಇದ್ರಲ್ಲಿ ಯಾರ್ ತಲೇನೂ ಇಲ್ವಲ್ಲ. ಬರೀ ಸಿಂಹ ಅದೆ’ ಎಂದಳು. ಒಳ್ಳೆಯದೇ ಆಯಿತು, ಆ ಸಿಂಹಗಳಿಗೆ ಸಾವಿಲ್ಲ, ಇನ್ನು ನೀವು ಯಾರ ಆರೋಗ್ಯವನ್ನೂ ವಿಚಾರಿಸಬೇಕಾಗಿಲ್ಲ ಎಂದೆ. ಎಂದಮೇಲೆ ನನಗೇ ಕಸಿವಿಸಿಯಾಯಿತು. ಇದನ್ನೂ ಹುಣಸೆಹಣ್ಣಿನಿಂದ ಉಜ್ಜುತ್ತಾರೆ, ಇದರ ಇಸವಿಯೂ ಸವೆಯುತ್ತದೆ. ಆಮೇಲೆ ಯಾವನೋ ನನ್ನಂಥ ಕೆಲಸವಿಲ್ಲದವನು ಲಾವಣ್ಯಳ ಕಾಲ ಹುಡುಕುತ್ತ ಬಂದರೆ ರಾಜನೂ ಇಲ್ಲ, ರಾಣಿಯೂ ಇಲ್ಲ. ಯಾರ ಆಳ್ವಿಕೆ ಎಂದು ಬರೆದುಕೊಳ್ಳುತ್ತಾನೆ? ಇದನ್ನು ರತ್ನಮ್ಮನಿಗೆ ಹೇಳಿದೆ.

ಅವಳು ಯೋಚಿಸಲೇ ಇಲ್ಲ. ‘ತಾತ ಬಚ್ಚಪ್ಪ ಇದ್ದಾಗ ಆದ ಮದುವೆ ಅಂತಾರೆ ಬಿಡಿ. ನಾವೇನ್ ಹೇಳ್ತಿರ್ಲಿಲ್ವಾ, ನಿಮ್ಮಮ್ಮ ಇದ್ದಾಗ ಅಂತ? ಹಂಗೇ’ ಎಂದು ನಾಣ್ಯವನ್ನು ಅಕ್ಕಿಯೊಳಗೆ ತೂರಿಸಿದಳು. ಒಳಗೆ ಹೋಗುವವಳು ಮತ್ತೆ ತಿರುಗಿ, ‘ಅದಕ್ಕೇ ಹೇಳ್ತೀನಿ, ಧಾರೆ ಆಗೋವರ್ಗೂ ಗಟ್ಯಾಗಿರ್ಬೇಕು. ಕಟ್ಟಳೆ ಗೊತ್ತಲ್ಲ, ಬದುಕಿರೋರೇ ಆಗ್ಬೇಕು’ ಎಂದಳು.

ಎಂಬತ್ತನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದವನು ನಾನು. ರಾಜ್ಯವೆಂದರೆ ಒಂದು ಗೋಡೆ, ಪ್ರಜೆಗಳೆಂದರೆ ಬಹುಪಾಲು ಸತ್ತವರು. ರಾಜನಾದವನು ಮಾಡಬೇಕಾದ ಕೆಲಸವೂ ಒಂದೇ, ಬದುಕಿರುವುದು. ಅಂದಿನಿಂದ ಬಿ.ಪಿ. ಮಾತ್ರೆಯನ್ನು ಒಂದು ದಿನವೂ ತಪ್ಪಿಸಿಲ್ಲ.